ಫಾಂಗಣ್ಣನ ಶುಕ್ರವಾರಗಳು

ಫಾರ್ಮರ್ಸ್ ಬ್ರಾಂಚ್, ಡಲ್ಲಾಸ್
20 ಜನವರಿ 2002, ಭಾನುವಾರ

ರಂಜನಿ,

ಆಶೀರ್ವಾದ. ಐದು ನಿಮಿಷದ ಫೋನಿನಲ್ಲಿ ಮುಗಿಯುವ ಮಾತಿಗೆ ಕಾಗದ ಯಾಕೆ ಅಂತ ನಿಮ್ಮತ್ತೆ ಸರೋಜ ಕೇಳುತ್ತಿದ್ದಾಳೆ. ಫೋನಿನಲ್ಲಾದರೆ ನೀನು ‘ಹೂಂ ಮಾವ, ಹೂಂ ಮಾವ’ ಅನ್ನುತ್ತೀಯ, ಅಷ್ಟರಲ್ಲಿ ನಿನ್ನ ಪೇಜರ್ ಕೂಗುತ್ತದೆ. ಕಾಗದವನ್ನು ಎರಡು ಸಲವಾದರೂ ಓದುತ್ತೀಯ. ನೀನು ಮೈಸೂರಿನಲ್ಲಿ ಓದುತ್ತಿದ್ದಾಗ ಶುರುವಾದ ಅಭ್ಯಾಸ. ಹ್ಯೂಸ್ಟನ್ನಿಗೆ ಬಂದು ಸಕ್ಕರೆ ಕಾಯಿಲೆಯವರಿಗೆ ಊಟದ ಪಾಠ ಹೇಳುವವಳಾದೆ ಅಂತ ಬಿಡುವುದು ಬೇಡ.

ವಿಷಯ ಫಾಂಗಣ್ಣನದು. ನನ್ನ ಗೋಡೌನಿನಲ್ಲಿ ಹಳೇ ಹೋಟೆಲ್ ಒಲೆಗಳನ್ನು ರಿಪೇರಿ ಮಾಡುವ ಚೀನೀಯ, ಹೋದ ಸಲ ಬಂದಾಗ ನೋಡಿದ್ದೀಯ. ಮುಚ್ಚಿದ ಹೋಟೆಲಿನ ಒಲೆ, ಫ್ರಿಜ್ಜು ಕೊಂಡು ಹೊಸದಾಗಿ ತೆರೆಯುವವರಿಗೆ ಮಾರುವುದು ನನ್ನ ಕಸುಬು. ಈ ಊರಿನಲ್ಲಿ ಎರಡು ಕಡೆಯವರಿಗೂ ಬರವಿಲ್ಲ. ನಾನು ಮಾತಾಡಿ ಮಾರುತ್ತೇನೆ, ಅವನು ಮಾತಾಡದೆ ರಿಪೇರಿ ಮಾಡುತ್ತಾನೆ. ಹೀಗಾಗಿ ಅಂಗಡಿ ನಡೆಯುತ್ತಿದೆ. ‘ಮಿಸ್ಟರ್ ಫಾಂಗ್’ ಅಂದು ಅಂದು ಸಾಕಾಗಿ ನಾನೇ ಫಾಂಗಣ್ಣ ಮಾಡಿಕೊಂಡೆ, ಅವನ ಹೆಂಡತಿಯನ್ನು ಫಾಂಗಮ್ಮ. ಅವರಿಬ್ಬರೂ ಅದಕ್ಕೆ ಓಗೊಡುತ್ತಾರೆ.

ದೀಪಾವಳಿ ಹೊತ್ತಿಗೆ ಅವನ ಸಕ್ಕರೆ ಕಾಯಿಲೆಗೆ ಮಾತ್ರೆ ಸಾಲದೆ ಇನ್ಸುಲಿನ್ ಶುರುಮಾಡಿದರು. ರಾತ್ರಿ ಊಟಕ್ಕೆ ಅರ್ಧ ಗಂಟೆ ಮುಂಚೆ, ಆರೂವರೆಗೆ ಸೂಜಿ. ತಪ್ಪಿಸುವುದಿಲ್ಲ, ಮನುಷ್ಯ ಗಡಿಯಾರದಂಥವನು. ವಾರವೆಲ್ಲ ಚೆನ್ನಾಗಿರುತ್ತಾನೆ. ಶನಿವಾರ ಬಂದರೆ ಮಾತ್ರ ಮಂಕು. ಮುಖ ಬೂದಿಯ ಬಣ್ಣ, ಸ್ಪ್ಯಾನರ್ ಹಿಡಿದ ಕೈ ನಡುಗುತ್ತದೆ, ಕೇಳಿದ್ದಕ್ಕೆ ಸಿಡುಕು.

ಇದರ ಗುಟ್ಟು ನಾನು ಹಿಡಿದಿದ್ದೇನೆ. ಫ್ರಿಸ್ಕೋದಲ್ಲಿ ಮಗ ರೇಮಂಡನ ಹೊಸ ಮನೆಯಲ್ಲಿ ಎಲ್ಲರೂ ಒಟ್ಟಿಗಿದ್ದಾರೆ. ಹೋದ ವರ್ಷ ಟೆಲಿಕಾಂ ಕಂಪನಿಗಳು ಜನರನ್ನು ಮನೆಗೆ ಕಳಿಸಿದಾಗ ರೇಮಂಡನ ಕೆಲಸವೂ ಹೋಯಿತು. ಈಗ ಆಸ್ಟಿನ್‌ನಲ್ಲಿ ಕೆಲಸ. ವಾರವೆಲ್ಲ ಅಲ್ಲಿ, ಶುಕ್ರವಾರ ಬೇಗ ಹೊರಟು ಮೂರೂವರೆ ಗಂಟೆ ಕಾರು ಓಡಿಸಿಕೊಂಡು ಸಂಜೆ ಮನೆಗೆ. ಮಗ ಬಂದ ಅಂದರೆ ಹಬ್ಬದೂಟ. ಮುದುಕ ಶುಕ್ರವಾರ ಅಳತೆ ಮೀರಿ ತಿನ್ನುತ್ತಾನೆ, ಶನಿವಾರ ನನ್ನ ಗೋಡೌನಿನಲ್ಲಿ ಅದರ ಫಲ ಉಣ್ಣುತ್ತಾನೆ. ಸರಿ ತಾನೆ? ನೀನೊಂದು ಊಟದ ಪಟ್ಟಿ ಮಾಡಿ ಕಳಿಸು. ಸೊಸೆ ಲಿಂಡಾ ಚೀನೀ ಭಾಷೆಗೆ ಇಳಿಸುತ್ತಾಳೆ. ಇವನಿಗೆ ಏನಾದರೂ ಆದರೆ ನನಗೆ ಇನ್ನೊಬ್ಬ ರಿಪೇರಿಯವನು ಸಿಗಬಹುದು, ಜೊತೆಗೆ ಕೂತು ಟೀ ಕುಡಿಯುವವನು ಸಿಗುವುದಿಲ್ಲ.

ನಿನ್ನ ಮಾವ,
ವೆಂಕಣ್ಣ


ಹ್ಯೂಸ್ಟನ್
29 ಜನವರಿ 2002

ಮಾವ,

ನಮಸ್ಕಾರ. ಪಟ್ಟಿ ಇದರ ಜೊತೆ ಇದೆ. ತಟ್ಟೆಯ ಚಿತ್ರವನ್ನೂ ಬರೆದಿದ್ದೇನೆ: ಅರ್ಧ ತಟ್ಟೆ ತರಕಾರಿ, ಕಾಲು ಭಾಗ ಅನ್ನ, ಉಳಿದ ಕಾಲು ಭಾಗ ಮೀನೋ ಕೋಳಿಯೋ. ನೀವು ಹೇಳುವುದು ನಿಜವಾದರೆ ಶುಕ್ರವಾರದ ಅನ್ನವನ್ನು ಮಧ್ಯಾಹ್ನವೂ ರಾತ್ರಿಯೂ ಅರ್ಧಕ್ಕೆ ಇಳಿಸಿ ನೋಡಲಿ. ಸಿಹಿ ಬೇಡ, ಹಣ್ಣಿನ ರಸ ಬೇಡ. ಡಾಕ್ಟರಿಗೂ ತೋರಿಸಿ.

ಅತ್ತೆಯ ಮಂಡಿನೋವು ಹೇಗಿದೆ? ನಾನು ಮುಂದಿನ ತಿಂಗಳು ಟ್ರೇನಿಂಗಿಗೆ ಆಸ್ಟಿನ್ನಿಗೆ ಹೋಗಬೇಕು, ಹದಿನೈದು ದಿನ ಮನೆಯಲ್ಲಿರುವುದಿಲ್ಲ. ಡಲ್ಲಾಸಿಗೆ ಯಾವಾಗ ಬರುತ್ತೀಯ ಅಂತ ಮಾತ್ರ ಕೇಳಬೇಡಿ.

ರಂಜನಿ


ಫಾರ್ಮರ್ಸ್ ಬ್ರಾಂಚ್
17 ಫೆಬ್ರವರಿ 2002, ಭಾನುವಾರ

ರಂಜನಿ,

ನಿನ್ನ ತಟ್ಟೆಯ ಚಿತ್ರ ಬಹಳ ಚೆನ್ನಾಗಿದೆ. ಒಂದೇ ತೊಂದರೆ, ಆ ಮನೆಯಲ್ಲಿ ತಟ್ಟೆಯೇ ಇಲ್ಲ.

ಮಂಗಳವಾರ ಅವರ ಹೊಸವರ್ಷ, ನಾನೂ ಸರೋಜಳೂ ಹೋಗಿದ್ದೆವು. ಮೊದಲ ದಿನ ಅವರೂ ಸಸ್ಯಾಹಾರವಂತೆ, ನಮಗೆ ಅನುಕೂಲವಾಯಿತು. ಪಾತ್ರೆಗಳೆಲ್ಲ ಮೇಜಿನ ಮಧ್ಯೆ. ಕೈಯಲ್ಲೊಂದು ಅನ್ನದ ಬಟ್ಟಲು, ತಿನ್ನಲು ಎರಡು ಕಡ್ಡಿ. ಹಿರಿಯ ಕಡ್ಡಿ ಎತ್ತುವವರೆಗೆ ಯಾರೂ ಮುಟ್ಟುವುದಿಲ್ಲ. ಎತ್ತಿದ ಮೇಲೆ ನೋಡಬೇಕು ಚೆಂದ! ಹೆಂಡತಿ ಒಂದು ಅಣಬೆ ತೆಗೆದು ಇವನ ಬಟ್ಟಲಿಗೆ ಹಾಕುತ್ತಾಳೆ, ಸೊಸೆ ತೋಫು ಅನ್ನುವ ಸೋಯಾ ಪನೀರಿನ ಒಂದು ಚೂರು, ಹಬ್ಬಕ್ಕೆ ರಜೆ ಹಾಕಿ ಬಂದಿದ್ದ ಮಗ ಇನ್ನೊಂದು. ಒಳ್ಳೆಯದೆಲ್ಲ ಹಿರಿಯನಿಗೆ. ಬೇಡ ಅಂದರೆ ಕೊಟ್ಟವರ ಮುಖ ಸಣ್ಣದಾಗುತ್ತದೆ, ಅದಕ್ಕೇ ಅವನು ಬೇಡ ಅನ್ನುವುದಿಲ್ಲ. ಇದರಲ್ಲಿ ಕಾಲು ಭಾಗ ಯಾವುದು, ಅರ್ಧ ಯಾವುದು, ನೀನೇ ಬಂದು ಅಳೆದು ಹೇಳು.

“ಫಾಂಗಣ್ಣ, ಇಷ್ಟೊಂದು ತಿಂತೀಯಲ್ಲೋ!” ಅಂದೆ.

“ನಾನೆಲ್ಲಿ ತಿಂತಿದೀನಿ? ಅವರು ಹಾಕ್ತಿದಾರೆ,” ಅಂದ. ಅವನ ಇಂಗ್ಲಿಷೂ ನನ್ನ ಇಂಗ್ಲಿಷೂ ಹೋಟೆಲಿನ ಹಿಂಬಾಗಿಲಲ್ಲೇ ಕಲಿತದ್ದು, ಒಬ್ಬರಿಗೊಬ್ಬರು ಚೆನ್ನಾಗಿ ಅರ್ಥವಾಗುತ್ತೇವೆ.

ಆದರೂ ಪಟ್ಟಿ ವ್ಯರ್ಥವಾಗಲಿಲ್ಲ. ಲಿಂಡಾ ಅದನ್ನು ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದ್ದಾಳೆ. ಶುಕ್ರವಾರದ ಅನ್ನ ಎರಡು ಹೊತ್ತೂ ಅರ್ಧವಾಗಿದೆ. ಸಕ್ಕರೆ ಅಂದರೆ ವಿಷ ಅನ್ನುವುದನ್ನು ಫಾಂಗಮ್ಮ ಮಂತ್ರದಂತೆ ಬಾಯಿಪಾಠ ಮಾಡಿದ್ದಾರೆ.

ಈಗ ಮುಖ್ಯ ವಿಷಯ. ಕಳ್ಳ ಸಿಕ್ಕಿಬಿದ್ದ! ನಿನ್ನೆ ಅವನ ಕೋಟು ಮೊಳೆಯಿಂದ ಜಾರಿತು, ಎತ್ತಿದರೆ ಜೇಬಿನಿಂದ ಪೆಪ್ಪರಮಿಂಟಿನ ಡಬ್ಬ ಬಿತ್ತು. ಅಪ್ಪಟ ಸಕ್ಕರೆ. “ಇದೇನೋ?” ಅಂದರೆ ನೆಲ ನೋಡಿದ. ಮೊಮ್ಮಕ್ಕಳಿಗಾ ಅಂದರೆ ಅದಕ್ಕೂ ಇಲ್ಲ. ನಾನು ಬಿಡುತ್ತೇನೆಯೇ? ಡಬ್ಬ ನನ್ನ ಡ್ರಾಯರಿಗೆ ಹೋಯಿತು, ಸುದ್ದಿ ಫಾಂಗಮ್ಮನಿಗೆ ಹೋಯಿತು. ಆಕೆ ಮನೆಯಲ್ಲಿ ಹುಡುಕಿ ಇನ್ನೂ ಎರಡು ಡಬ್ಬ ಹಿಡಿದರಂತೆ. ಥೇಟ್ ನಿಮ್ಮಮ್ಮ ಸೆರಗಿನ ತುದಿಯಲ್ಲಿ ಬೆಲ್ಲ ಕಟ್ಟಿಕೊಂಡು ಓಡಾಡುತ್ತಿದ್ದಳಲ್ಲ, ಹಾಗೇ. ಜಯದೇವಿ ಅಕ್ಕನ ಸೆರಗು ತಡವಿ ನಾವೆಲ್ಲ ಎಷ್ಟು ನಗುತ್ತಿದ್ದೆವು!

ಶನಿವಾರಗಳು ಇನ್ನು ಸುಧಾರಿಸಬೇಕು. ನೀನೂ ನಾನೂ ಸೇರಿ ಒಬ್ಬ ಮನುಷ್ಯನನ್ನು ದಾರಿಗೆ ತಂದೆವು ಅಂದುಕೊಂಡಿದ್ದೇನೆ.

ವೆಂಕಣ್ಣ


ಹ್ಯೂಸ್ಟನ್
4 ಮಾರ್ಚ್ 2002

ಮಾವ,

ನಿನ್ನೆ ಸಂಜೆ ಆಸ್ಟಿನ್ನಿನಿಂದ ಬಂದೆ. ನಿಮ್ಮ ಕಾಗದ ಡಬ್ಬಿಯಲ್ಲಿ ಕೂತಿತ್ತು. ಓದಿದ ತಕ್ಷಣ ಫೋನ್ ಮಾಡಿದೆ. ಅತ್ತೆ ಎತ್ತಿಕೊಂಡು, “ಮಾವ ಆಸ್ಪತ್ರೇಲಿದಾರೆ ಕಣೇ, ಅವರಿಗಲ್ಲ, ಫಾಂಗಣ್ಣನಿಗೆ,” ಅಂದರು. ಏನಾಯಿತೆಂದು ಬಿಡಿಸಿ ಹೇಳಲು ಅವರಿಗೆ ಬರಲಿಲ್ಲ. ನಾನು ಹೇಳಬೇಕಾದದ್ದನ್ನು ಅತ್ತೆಯ ಹತ್ತಿರ ಫೋನಿನಲ್ಲಿ ಹೇಳಲಾಗಲಿಲ್ಲ.

ಒಂದು ಪ್ರಶ್ನೆಯನ್ನು ನಾನು ಮೊದಲೇ ಕೇಳಬೇಕಿತ್ತು. ಅವರು ಶುಕ್ರವಾರ ಎಷ್ಟು ತಿನ್ನುತ್ತಾರೆ ಅಂತಲ್ಲ. ಎಷ್ಟು ಹೊತ್ತಿಗೆ ತಿನ್ನುತ್ತಾರೆ? ಸೂಜಿ ಆರೂವರೆಗೆ. ಮಗ ಆಸ್ಟಿನ್ನಿನಿಂದ ಬರುವುದು ಎಷ್ಟಕ್ಕೆ? ಆ ರಸ್ತೆಯಲ್ಲಿ ನಿನ್ನೆ ನಾನೂ ಸ್ವಲ್ಪ ದೂರ ಬಂದೆ, ಶುಕ್ರವಾರ ಅದು ಹೇಗಿರುತ್ತದೆಂದು ಊಹಿಸಬಲ್ಲೆ. ಹಿರಿಯ ಕಡ್ಡಿ ಎತ್ತುವವರೆಗೆ ಯಾರೂ ಮುಟ್ಟುವುದಿಲ್ಲ ಅಂದಿರಿ. ಹಿರಿಯ ಯಾರಿಗಾಗಿ ಕಾಯುತ್ತಾರೆ?

ಇನ್ಸುಲಿನ್ ಒಳಗೆ ಹೋಗಿ ಅನ್ನ ಒಳಗೆ ಹೋಗದಿದ್ದರೆ ಸಕ್ಕರೆ ಏರುವುದಿಲ್ಲ, ಕುಸಿಯುತ್ತದೆ. ನಡುಕ, ಬೆವರು, ಸಿಡುಕು, ಮಂಪರು, ಆಮೇಲೆ ಪ್ರಜ್ಞೆ ತಪ್ಪುವುದು. ನೀವು ಶನಿವಾರ ಕಂಡದ್ದು ಹಿಂದಿನ ರಾತ್ರಿ ಹಾಗೆ ಕುಸಿದದ್ದರ ಸುಸ್ತು. ಆಗ ಬೇಕಾದ ಮದ್ದು ಸಕ್ಕರೆಯೇ. ಜೇಬಿನಲ್ಲಿ ಪೆಪ್ಪರಮಿಂಟು ಇಟ್ಟುಕೊಳ್ಳಲು ಯಾರೋ ನರ್ಸ್ ಹೇಳಿಯೇ ಇರುತ್ತಾರೆ. ಮಗ ಬರುವವರೆಗೆ ಅದನ್ನು ಚೀಪಿಕೊಂಡು ತಡೆಯುತ್ತಿದ್ದರು, ಮಾವ. ನಾನು ಪಟ್ಟಿಯಲ್ಲಿ ಅನ್ನವನ್ನೂ ಅರ್ಧ ಮಾಡಿಸಿದೆ.

ಅಮ್ಮನೂ ಹೀಗೇ. ಡಾಕ್ಟರು ಹೇಳಿದ್ದಾರೆಂದು ರಾತ್ರಿ ಎಂಟು ಗಂಟೆಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿದ್ದಳು. ಅಪ್ಪ ಕ್ಲಬ್ಬಿನಿಂದ ಬರುವವರೆಗೆ ಒಂದು ತುತ್ತು ಬಾಯಿಗಿಟ್ಟದ್ದನ್ನು ನಾನು ನೋಡಿಲ್ಲ. ಅಪ್ಪನಿಗೆ ಬಡಿಸಿ, ನಮಗೆ ಬಡಿಸಿ, ಆಮೇಲೆ ಅವಳು. ಮಧ್ಯೆ ಕಣ್ಣು ಮಂಜಾದಾಗ ಸೆರಗಿನ ಬೆಲ್ಲ. ನಾವು ಅದಕ್ಕೆ ಬಾಯಿಚಪಲ ಅಂತ ಹೆಸರಿಟ್ಟು ನಕ್ಕೆವು. ಅಡುಗೆಮನೆಯಲ್ಲಿ ಬಿದ್ದ ದಿನ, “ಸಕ್ಕರೆ ಜಾಸ್ತಿಯಾಗಿ ಹೋದಳು” ಅಂದರು, ಎಲ್ಲರೂ ನಂಬಿದೆವು. ಈ ಓದು ಓದಿದ ಮೇಲೆ ನನಗೆ ಗೊತ್ತಾಯಿತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನಿಮಗೂ ಹೇಳುವ ಉದ್ದೇಶವಿರಲಿಲ್ಲ.

ಫಾಂಗ್ ಅವರು ಹೇಗಿದ್ದಾರೆ, ಬರೆಯಿರಿ.

ರಂಜನಿ


ಫಾರ್ಮರ್ಸ್ ಬ್ರಾಂಚ್
10 ಮಾರ್ಚ್ 2002, ಭಾನುವಾರ

ರಂಜನಿ,

ಬದುಕಿದ್ದಾನೆ. ಅದನ್ನು ಮೊದಲು ಬರೆಯುತ್ತೇನೆ.

ನೀನು ಊಹಿಸಿದ್ದೆಲ್ಲ ಸರಿ. ಮೊದಲನೇ ತಾರೀಖು ಶುಕ್ರವಾರ. ರೇಮಂಡ್ ಏಳಕ್ಕೆ ಬರುತ್ತೇನೆ ಅಂದಿದ್ದ. ದಾರಿಯಲ್ಲಿ ವೇಕೋ ಊರಿನ ಹತ್ತಿರ ರಸ್ತೆ ಕೆಲಸ, ಕಾರುಗಳು ಹುಳದಂತೆ ತೆವಳಿದವು. ಇವನು ಆರೂವರೆಗೆ ಸೂಜಿ ಹಾಕಿಕೊಂಡು ಮೇಜಿನ ತುದಿಯಲ್ಲಿ ಕೂತ. ಬೆವರಿತು. ಫಾಂಗಮ್ಮ ಹಣೆ ಒರೆಸಿದರು. ಇವನು ಹಣ್ಣಿನ ಬುಟ್ಟಿಯ ಕಿತ್ತಳೆಗೆ ಕೈ ಚಾಚಿದನಂತೆ. ಸಿಹಿ ವಿಷ ಅಂತ ಕಲಿತಿದ್ದ ಆಕೆ ಬುಟ್ಟಿಯನ್ನು ಆ ಕಡೆ ಸರಿಸಿದರು. ಗಂಡನನ್ನು ಉಳಿಸಿಕೊಳ್ಳುತ್ತಿದ್ದೇನೆ ಅಂದುಕೊಂಡು ಸರಿಸಿದರು. ಕುರ್ಚಿಯಿಂದ ಬಿದ್ದ. ಹುಬ್ಬಿನ ಮೇಲೆ ಒಡೆದು ಹೊಲಿಗೆ ಬಿದ್ದಿದೆ. ಆಂಬುಲೆನ್ಸಿನವರು ನರಕ್ಕೆ ಏರಿಸಿದ್ದು ಏನು ಅಂತ ಲಿಂಡಾ ಕೇಳಿದಳಂತೆ. ಸಕ್ಕರೆ ನೀರು, ಅಂದರಂತೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಅದನ್ನು ಫಾಂಗಮ್ಮನಿಗೆ ಚೀನೀ ಭಾಷೆಯಲ್ಲಿ ಹೇಳಬೇಕಾದವಳೂ ಅವಳೇ. ಆಕೆ ಎರಡು ಸಲ ಹೇಳಿಸಿಕೊಂಡರು.

ಮರುದಿನ ನಾನು ಮಂಚದ ಪಕ್ಕ ಕೂತು ಕೇಳಿದೆ. “ಪೆಪ್ಪರಮಿಂಟು ಔಷಧಿ ಅಂತ ಒಂದು ಮಾತು ಹೇಳೋಕೇನಾಗಿತ್ತೋ ನಿನಗೆ?”

“ಯಾಕೆ ಬೇಕು ಅಂತ ಕೇಳ್ತಿದ್ರಿ.”

“ಕೇಳ್ತಿದ್ವಿ. ಹೇಳಬೇಕಿತ್ತು.”

“ಹೇಳಿದ್ರೆ ಲಿಂಡಾಗೆ ತಿಳಿಯತ್ತೆ. ಲಿಂಡಾಗೆ ತಿಳಿದ್ರೆ ರೇಮಂಡ್‌ಗೆ. ನನ್ನಿಂದ ಅಪ್ಪನಿಗೆ ಹೀಗಾಯ್ತು ಅಂದ್ಕೊಂಡು ಆ ಕೆಲಸ ಬಿಟ್ಟು ಬರ್ತಾನೆ. ಕೆಲಸ ಎಲ್ಲಿದೆ ಈಗ?”

ಈಗ ಎಲ್ಲರಿಗೂ ತಿಳಿದಿದೆ. ರೇಮಂಡ್ ಎಂಜಿನಿಯರು, ಅವನ ತಲೆಗೆ ಹೊಳೆಯುವುದು ನಿಯಮ. ಇನ್ನುಮುಂದೆ ಅಪ್ಪನ ಊಟ ಬೇರೆ: ಏಳಕ್ಕೆ, ಅಡುಗೆಮನೆಯ ಕಟ್ಟೆಯಲ್ಲಿ, ಅಳೆದ ಅನ್ನ, ಒಬ್ಬರೇ. ಉಳಿದವರದು ಉಳಿದವರ ಹೊತ್ತಿಗೆ. ವಾರದ ಏಳೂ ದಿನ. ಡಾಕ್ಟರು ಭೇಷ್ ಅಂದರು. ನಾನೂ ಅಂದೆ.

ಆ ಡಬ್ಬ ಇನ್ನೂ ನನ್ನ ಡ್ರಾಯರಿನಲ್ಲಿದೆ. ಅಕ್ಕನ ವಿಷಯ ನೀನು ಬರೆದದ್ದಕ್ಕೆ ಉತ್ತರ ಬರೆಯಲು ಕೈ ಬರುತ್ತಿಲ್ಲ.

ಮಾವ


(ಪೋಸ್ಟ್ ಕಾರ್ಡ್)
24 ಮಾರ್ಚ್ 2002

ರಂಜನಿ, ಫಾಂಗಣ್ಣ ಕೆಲಸಕ್ಕೆ ಬರುತ್ತಿದ್ದಾನೆ. ಸಕ್ಕರೆಯ ಅಂಕಿಗಳು ಡಾಕ್ಟರು ಬರೆದುಕೊಟ್ಟ ಗೆರೆಯೊಳಗೇ ಇವೆಯಂತೆ. ಶನಿವಾರವೂ ಕೈ ನಡುಗುವುದಿಲ್ಲ. ವೆಂಕಣ್ಣ.


ಹ್ಯೂಸ್ಟನ್
2 ಏಪ್ರಿಲ್ 2002

ಮಾವ,

ಕಾರ್ಡ್ ನೋಡಿ ಬಹಳ ಸಮಾಧಾನವಾಯಿತು. ನನ್ನ ಹತ್ತಿರ ಬರುವವರಲ್ಲಿ ಹತ್ತಕ್ಕೆ ಒಬ್ಬರೂ ಇಷ್ಟು ಬೇಗ ಈ ಮಟ್ಟಕ್ಕೆ ಬರುವುದಿಲ್ಲ. ರೇಮಂಡ್‌ಗೆ ನನ್ನ ಅಭಿನಂದನೆ ಹೇಳಿ. ಹೀಗೇ ಮುಂದುವರಿಯಲಿ. ನನ್ನ ಹಳೇ ಪಟ್ಟಿಯನ್ನು ಫ್ರಿಜ್ಜಿನಿಂದ ತೆಗೆಸಿ, ಹೊಸದು ಕಳಿಸಿದ್ದೇನೆ. ಅದರಲ್ಲಿ ಸಕ್ಕರೆ ಕುಸಿದರೆ ಏನು ಮಾಡಬೇಕು ಅನ್ನುವುದೇ ಮೊದಲ ಸಾಲು.

ರಂಜನಿ


ಫಾರ್ಮರ್ಸ್ ಬ್ರಾಂಚ್
14 ಏಪ್ರಿಲ್ 2002, ಭಾನುವಾರ

ರಂಜನಿ,

ನಿನ್ನ ಅಭಿನಂದನೆಯನ್ನು ನಾನು ರೇಮಂಡನಿಗೆ ಹೇಳಲಿಲ್ಲ. ಯಾಕೆ ಅಂತ ಕೇಳು.

ಅಂಕಿಗಳು ಚೆನ್ನಾಗಿವೆ, ನಿಜ. ನಾನು ವ್ಯಾಪಾರಿ, ಬೆಳಗ್ಗೆ ಲಾಭ ಕಂಡ ಅಂಗಡಿ ಸಂಜೆ ಬಾಗಿಲು ಹಾಕಿದ್ದನ್ನು ನೋಡಿದವನು. ಕೂಡಿದ ಮೊತ್ತ ಸರಿಯಿದ್ದರೆ ಒಳಗೆ ಎಲ್ಲವೂ ಸರಿ ಅಂತಲ್ಲ. ಫಾಂಗಣ್ಣ ಮೊದಲು ಕಡಿಮೆ ಮಾತಾಡುತ್ತಿದ್ದ, ಈಗ ಮಾತೇ ಇಲ್ಲ. ಟೀಗೆ ಕರೆದರೆ ಬರುತ್ತಾನೆ, ಕುಡಿಯುತ್ತಾನೆ, ಎದ್ದು ಹೋಗುತ್ತಾನೆ. ಬೆಲ್ಟಿಗೆ ಹೊಸ ತೂತು ಹೊಡೆದಿದ್ದಾನೆ. ಲಿಂಡಾ ಹೇಳಿದಳು: ಏಳಕ್ಕೆ ಕಟ್ಟೆಯ ಮುಂದೆ ಗೋಡೆ ನೋಡಿಕೊಂಡು ತಿನ್ನುತ್ತಾರೆ, ತಮ್ಮ ಬಟ್ಟಲನ್ನು ತಾವೇ ತೊಳೆದಿಡುತ್ತಾರೆ, ಆಮೇಲೆ ನಾವು ಮೇಜಿಗೆ ಕೂತಾಗ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಕರೆದರೆ, “ನನ್ನ ಊಟ ಆಯ್ತಲ್ಲ” ಅನ್ನುತ್ತಾರೆ. ಫಾಂಗಮ್ಮ ಮೇಜಿನಲ್ಲಿ ಅವನ ಖಾಲಿ ಕುರ್ಚಿಯ ಪಕ್ಕ ಕೂತು ಕಡ್ಡಿ ಎತ್ತಲು ಯಾರನ್ನು ನೋಡಬೇಕೋ ತಿಳಿಯದೆ ಸುಮ್ಮನಿರುತ್ತಾರಂತೆ.

ನಿನ್ನೆ ತಾನಾಗಿಯೇ ಬಾಯಿ ಬಿಟ್ಟ. ಒಲೆಯ ಬರ್ನರ್ ಉಜ್ಜುತ್ತಾ, ನನ್ನ ಕಡೆ ನೋಡದೆ.

“ವೆಂಕಾ, ನಾನು ಹೋಟೆಲಲ್ಲಿ ಕುಕ್ ಆಗಿದ್ನಲ್ಲ, ಎಷ್ಟೊತ್ತಿಗೆ ಮನೆಗೆ ಬರ್ತಿದ್ದೆ ಗೊತ್ತಾ? ಮಗ ಮಲಗಿದ ಮೇಲೆ. ಹುಡುಗ ಕಾಯ್ತಿದ್ದ. ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋಗ್ತಿದ್ದ. ಅವನು ಹುಡುಗನಾಗಿದ್ದಷ್ಟು ಕಾಲ ಒಂದು ರಾತ್ರಿನೂ ಅವನ ಜೊತೆ ಕೂತು ಉಣ್ಣಲಿಲ್ಲ ನಾನು. ಊರಿನ ಜನಕ್ಕೆಲ್ಲ ಅಡುಗೆ ಮಾಡಿ ಹಾಕಿದೆ.”

ಉಜ್ಜಿದ ಬರ್ನರನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಎತ್ತಿಕೊಂಡ.

“ಈಗ ಕಾಯೋದು ನನ್ನ ಸರದಿ. ಶುಕ್ರವಾರ ಒಂದೇ ದಿನ. ನಿನ್ನ ಸೊಸೆ ಓದಿದೋಳು. ಅವಳನ್ನ ಕೇಳು. ನನಗೆ ಪೂರ್ತಿ ವಾಸಿಯಾಗೋದು ಬೇಡ. ಎಷ್ಟು ಕಾಯಿಲೆ ಇಟ್ಕೊಂಡ್ರೆ ಮನೆಯವರ ಜೊತೆ ಕೂತು ತಿನ್ನಬಹುದು? ಅಷ್ಟು ಇರ್ಲಿ ನನಗೆ.”

ಅಕ್ಕನ ಮಗಳು ಅಂದರೆ ಅವನಿಗೆ ಸೊಸೆಯೇ, ನಾನು ಹಾಗೇ ಹೇಳಿಕೊಟ್ಟಿದ್ದೇನೆ. ಜೀವನದಲ್ಲಿ ಬೇಕಾದಷ್ಟು ಚೌಕಾಸಿ ಕೇಳಿದ್ದೇನೆ ರಂಜನಿ, ಇಂಥದ್ದನ್ನು ಕೇಳಿರಲಿಲ್ಲ. ಉತ್ತರ ನೀನೇ ಕೊಡಬೇಕು.

ಒಂದು ವಾರದಿಂದ ಸರೋಜಳಿಗೂ ನನ್ನ ಜೊತೆಗೇ ತಟ್ಟೆ ಹಾಕಿಕೊ ಅಂದಿದ್ದೇನೆ. “ಏನ್ರೀ ಹೊಸದಾಗಿ?” ಅಂದಳು. ಅವಳ ತಟ್ಟೆಯನ್ನು ನಾನೇ ತಂದಿಟ್ಟೆ.

ಮಾವ


ಹ್ಯೂಸ್ಟನ್
19 ಏಪ್ರಿಲ್ 2002

ಮಾವ,

ಈ ಪ್ರಶ್ನೆಯನ್ನು ಕ್ಲಿನಿಕ್ಕಿನಲ್ಲಿ ಯಾರೂ ನನಗೆ ಕೇಳಿಲ್ಲ. ಬಹುಶಃ ಎಲ್ಲರೂ ಮನಸ್ಸಿನಲ್ಲಿ ಕೇಳಿಕೊಂಡೇ ಬಂದಿರುತ್ತಾರೆ. ಎರಡು ದಿನ ಕಾಗದ ಹರಿದು ಹರಿದು ಬರೆದೆ.

ಅಷ್ಟು ಕಾಯಿಲೆ ಇಟ್ಟುಕೊಳ್ಳಿ ಅಂತ ನಾನು ಹೇಳಲಾರೆ. ಆದರೆ ಅದರ ಅಗತ್ಯವೂ ಇಲ್ಲ. ನಾವೆಲ್ಲ ಒಬ್ಬರನ್ನು ಮೇಜಿನಿಂದ ಎಬ್ಬಿಸಿ ಕಾಯಿಲೆ ವಾಸಿ ಮಾಡಿದೆವು ಅಂದುಕೊಂಡೆವು. ಅವರು ಏಳುವುದು ಬೇಡ, ಮೇಜೇ ಏಳು ಗಂಟೆಗೆ ಬರಲಿ. ಮನೆಯ ಎಲ್ಲರಿಗೂ ಊಟ ಏಳಕ್ಕೆ, ಶುಕ್ರವಾರವೂ ಅಷ್ಟೇ. ಬಟ್ಟಲಿಗೆ ಹಾಕುವವರು ಹಾಕಲಿ, ಸಣ್ಣ ಚೂರು ಹಾಕಲಿ. ರೇಮಂಡ್ ತಡವಾದರೆ ತಣ್ಣಗಾದದ್ದನ್ನು ತಿನ್ನಲಿ.

ಇದರಲ್ಲಿ ಕಷ್ಟದ ಭಾಗ ಒಂದೇ, ಅದು ಫಾಂಗ್ ಅವರದೇ. ಅವರು ಕಡ್ಡಿ ಎತ್ತದೆ ಯಾರೂ ಶುರುಮಾಡುವುದಿಲ್ಲ. ಮಗ ಬರುವ ಮೊದಲು ಅವರೇ ಎತ್ತಬೇಕು. ಇದನ್ನು ರೇಮಂಡ್ ನಿಯಮ ಮಾಡಲಾಗದು, ಡಾಕ್ಟರು ಬರೆದುಕೊಡಲಾಗದು. ಕಾಯುವುದರಲ್ಲಿ ಅವರು ಏನನ್ನು ತೀರಿಸುತ್ತಿದ್ದಾರೆಂದು ಈಗ ಗೊತ್ತಾಗಿದೆ. ಅದನ್ನು ಬಿಡಿ ಅಂತ ಕೇಳುತ್ತಿದ್ದೇನೆ ಅನ್ನುವುದೂ ನನಗೆ ಗೊತ್ತು.

ಅಮ್ಮನನ್ನು ಯಾರೂ ಕೇಳಲಿಲ್ಲ. ನಾನು ಕೇಳಿದೆ ಅಂತ ಅವರಿಗೆ ಹೇಳಿ.

ನಿಮ್ಮ
ರಂಜನಿ


ಫಾರ್ಮರ್ಸ್ ಬ್ರಾಂಚ್
5 ಮೇ 2002, ಭಾನುವಾರ

ರಂಜನಿ,

ನಿನ್ನ ಕಾಗದವನ್ನು ಅವನಿಗೆ ಓದಿ ಹೇಳಿದೆ, ಕಡೆಯ ಸಾಲನ್ನೂ ಸೇರಿಸಿ. ನಿಮ್ಮಮ್ಮ ಯಾರು, ಏನಾಯಿತು ಅಂತ ಕೇಳಿದ. ಹೇಳಿದೆ. ಅಕ್ಕ ಹೋದ ಮೇಲೆ ಆ ಮಾತನ್ನು ನಾನು ಪೂರ್ತಿಯಾಗಿ ಹೇಳಿದ್ದು ಅದೇ ಮೊದಲು, ಅದೂ ಇಂಗ್ಲಿಷಿನಲ್ಲಿ. ಸ್ಪ್ಯಾನರ್ ಕೆಳಗಿಟ್ಟು, “ಶುಕ್ರವಾರ ನೀನೂ ಸರೋಜಳೂ ಊಟಕ್ಕೆ ಬನ್ನಿ,” ಅಂದ. ಧೈರ್ಯಕ್ಕೆ ಕರೆದನೋ ಸಾಕ್ಷಿಗೆ ಕರೆದನೋ ಕೇಳಲಿಲ್ಲ.

ಹೋದೆವು. ಲಿಂಡಾ ಎಲ್ಲವನ್ನೂ ಮೇಜಿನ ಮಧ್ಯೆ ಇಟ್ಟಿದ್ದಳು, ನಮಗೆ ಬೇರೆ ತರಕಾರಿ. ಫಾಂಗಣ್ಣ ಕೋಣೆಯಲ್ಲಿ ಸೂಜಿ ಹಾಕಿಕೊಂಡು ಬಂದು ತನ್ನ ಹಳೇ ಜಾಗದಲ್ಲಿ ಕೂತ. ಅಷ್ಟರಲ್ಲಿ ರೇಮಂಡನ ಫೋನು: ಮುಂದೆಲ್ಲೋ ಲಾರಿ ಮಗುಚಿದೆ, ಇನ್ನೂ ಒಂದು ಗಂಟೆಯಾಗುತ್ತದೆ, ಅಪ್ಪನ ಊಟ ಆಯಿತಾ? ಲಿಂಡಾ ಫೋನು ಇಟ್ಟು ಮಾವನನ್ನು ನೋಡಿದಳು. ಫಾಂಗಮ್ಮ ನೋಡಿದರು. ಮಕ್ಕಳು ನೋಡಿದವು. ಏಳು ಹೊಡೆಯಿತು.

ಅವನು ಬಾಗಿಲು ನೋಡುತ್ತಿದ್ದ.

ನಾನು ಎಷ್ಟು ಮಾತಿನವನು ಅಂತ ನಿನಗೆ ಗೊತ್ತು. ಕೈತಪ್ಪಿ ಹೋಗುತ್ತಿದ್ದ ಗಿರಾಕಿಯನ್ನು ಪಾರ್ಕಿಂಗ್ ಲಾಟಿನಿಂದ ವಾಪಸು ಕರೆತಂದವನು. ಅವತ್ತು ನನ್ನ ಬಾಯಿಯಿಂದ ಒಂದು ಅಕ್ಷರ ಹೊರಡಲಿಲ್ಲ. ಸರೋಜ ಮೇಜಿನ ಕೆಳಗೆ ನನ್ನ ಮಂಡಿ ಹಿಡಿದುಕೊಂಡಿದ್ದಳು. ಪಾತ್ರೆಗಳ ಹಬೆ ಕಡಿಮೆಯಾಗುತ್ತಾ ಬಂತು. ಚಿಕ್ಕ ಹುಡುಗಿ ಏನೋ ಕೇಳಹೋದಳು, ಲಿಂಡಾ ಅವಳ ಕೈ ಅದುಮಿದಳು.

ಫಾಂಗಣ್ಣ ಕಡ್ಡಿ ಎತ್ತಿದ. ಅನ್ನದ ಒಂದು ತುತ್ತು ಬಾಯಿಗಿಟ್ಟು ಅಗಿದ. ಬಹಳ ಹೊತ್ತು ಅಗಿದ. ಆಮೇಲೆ ಮಕ್ಕಳು, ಆಮೇಲೆ ನಾವು. ಫಾಂಗಮ್ಮ ಮೀನಿನ ಒಂದು ಚೂರನ್ನು ಅವನ ಬಟ್ಟಲಿಗೆ ಹಾಕಿದರು, ತಮ್ಮ ಕಣ್ಣು ಒರೆಸಿಕೊಳ್ಳಲಿಲ್ಲ.

ನಾವು ಮುಗಿಸುವ ಹೊತ್ತಿಗೆ ರೇಮಂಡ್ ಬಂದ. ನಿಯಮ ಮಾಡಿದವನೇ ಅವನು, ಖುಷಿಪಡಬೇಕಾದವನೂ ಅವನೇ. ಆದರೂ ಖಾಲಿ ಬಟ್ಟಲುಗಳನ್ನು ಕಂಡು ಬಾಗಿಲಲ್ಲೇ ನಿಂತ ಅವನ ಮುಖ, ಆಟಕ್ಕೆ ಸೇರಿಸಿಕೊಳ್ಳದ ಹುಡುಗನ ಮುಖದಂತಿತ್ತು. ಚೀನೀ ಭಾಷೆಯಲ್ಲಿ ಏನೋ ಕೇಳಿದ. ಅಪ್ಪ ಉತ್ತರ ಕೊಟ್ಟ. ಎರಡೇ ಮಾತು.

“ಏನಂದ್ರು?” ಅಂತ ಲಿಂಡಾಳನ್ನು ಮೆಲ್ಲಗೆ ಕೇಳಿದೆ.

“ಹಸಿವಾಗಿತ್ತು, ಅಂದ್ರು.”

ಸುಳ್ಳು ಹೇಳಿದ, ರಂಜನಿ. ನಾನು ಎದುರಿಗೇ ಕೂತಿದ್ದೆ, ಆ ತುತ್ತು ಗಂಟಲಿನಲ್ಲಿ ಹೇಗೆ ಇಳಿಯಿತು ಅನ್ನುವುದನ್ನು ನೋಡಿದ್ದೇನೆ.

ರೇಮಂಡ್ ಕೈ ತೊಳೆದು ಬಂದು ಕೂತ. ಬಿಸಿ ಮಾಡಿಕೊಡುತ್ತೇನೆಂದು ಎದ್ದ ಹೆಂಡತಿಯನ್ನು ಬೇಡವೆಂದು ಕೂರಿಸಿ ತಣ್ಣಗಿನ ಅನ್ನವನ್ನೇ ಬಡಿಸಿಕೊಂಡ. ನಾವೆಲ್ಲ ಎದ್ದು ಟೀಗೆಂದು ಸೋಫಾದ ಕಡೆ ಹೋದೆವು. ಫಾಂಗಣ್ಣ ಏಳಲಿಲ್ಲ. ಖಾಲಿ ಬಟ್ಟಲನ್ನು ಮುಂದಿಟ್ಟುಕೊಂಡು, ಮಗ ತಿಂದು ಮುಗಿಸುವವರೆಗೂ ಅಲ್ಲೇ ಕೂತಿದ್ದ.

ಮಾವ,
ವೆಂಕಣ್ಣ